ಇಪ್ಪತ್ತು ಅಡಿ ದೂರ

ಆರೋಗ್ಯ ನಿರೀಕ್ಷಕರು ಬಂದಾಗ ಆಡಿನಮ್ಮ ಹಿತ್ತಲಲ್ಲಿ ಕರಿಮೂತಿಯ ಕೆಚ್ಚಲು ತೊಳೆಯುತ್ತಿದ್ದಳು. ಬೀದಿಯವರು ಅವಳನ್ನು ಕರೆಯುತ್ತಿದ್ದದ್ದೇ ಹಾಗೆ, ಆಡಿನಮ್ಮ ಎಂದು. ಗಂಡ ಸತ್ತ ವರ್ಷ ಒಂದು ಆಡು ತಂದು ಕಟ್ಟಿದವಳು, ಇಪ್ಪತ್ತೆರಡು ವರ್ಷದಲ್ಲಿ ಹಿತ್ತಲು ಬರಿದಾಗಲು ಬಿಟ್ಟಿರಲಿಲ್ಲ. ಈಗ ಐದಿದ್ದವು. ನಿರೀಕ್ಷಕರು ಅಡುಗೆಮನೆ ದಾಟಿ ಹಿತ್ತಲ ಬಾಗಿಲಿಗೆ ಬಂದು, ಕರವಸ್ತ್ರದಿಂದ ಮೂಗು ಒತ್ತಿಕೊಂಡು, ಚೀಲದಿಂದ ಅಳತೆ ಟೇಪು ತೆಗೆದರು.

“ಇದರ ತುದಿ ಸ್ವಲ್ಪ ಹಿಡೀರಿ,” ಎಂದು ಮಗನ ಕೈಗೆ ಕೊಟ್ಟರು.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮಗ ಕೆಲಸಕ್ಕೆ ಹೊರಟು ನಿಂತಿದ್ದ. ಯಾಕೆ, ಏನು ಎಂದು ಕೇಳದೆ ಟೇಪಿನ ತುದಿಯನ್ನು ಅಡುಗೆಮನೆಯ ಕಿಟಕಿಗೆ ಒತ್ತಿ ಹಿಡಿದ. ನಿರೀಕ್ಷಕರು ಹಿಕ್ಕೆ ತುಳಿಯದಂತೆ ಕಾಲೆತ್ತಿಡುತ್ತ ಕೊಟ್ಟಿಗೆಯವರೆಗೆ ಹೋದರು.

“ಏಳು ಅಡಿ ಮೂರು ಅಂಗುಲ. ಇಪ್ಪತ್ತು ಇರಬೇಕು.”

“ಯಾಕೆ ಇಪ್ಪತ್ತು?” ಆಡಿನಮ್ಮ ಕೆಚ್ಚಲು ಬಿಡದೆ ಕೇಳಿದಳು.

“ನಿಯಮ ಹಾಗಿದೆ ಅಮ್ಮ. ನೊಣ ಅಡುಗೆಮನೆಗೆ ಬರಬಾರದು ಅಂತ.”

“ಇಪ್ಪತ್ತಡಿಗೆ ನಿಲ್ಲಬೇಕು ಅಂತ ನೊಣಕ್ಕೂ ನೋಟಿಸು ಕೊಟ್ಟಿದ್ದೀರಾ?”

ನಿರೀಕ್ಷಕರು ನಕ್ಕರು. ಕೆಟ್ಟ ಮನುಷ್ಯರಲ್ಲ. ನಿಂತಲ್ಲೇ ಕಾಗದ ಓದಿ ಹೇಳಿದರು: ವಾಸದ ಮನೆಯಲ್ಲಿ ಎರಡಕ್ಕಿಂತ ಹೆಚ್ಚು ಆಡು ಇಡುವಂತಿಲ್ಲ. ಕೊಟ್ಟಿಗೆ ಯಾವ ಮನೆಯ ಕಿಟಕಿ ಬಾಗಿಲಿಗೂ ಇಪ್ಪತ್ತು ಅಡಿ ದೂರವಿರಬೇಕು. ಹಿಕ್ಕೆಯನ್ನು ದಿನಾ ಮುಚ್ಚಳದ ಡಬ್ಬಕ್ಕೆ ತುಂಬಿ ಸಾಗಿಸಬೇಕು. ತೊಳೆದ ನೀರು ದಾರಿಗೆ ಹರಿಯಬಾರದು. ಇಪ್ಪತ್ತೊಂದು ದಿನ ಗಡುವು. ಆಮೇಲೆ ಇಲಾಖೆಯೇ ಬಂದು ಹಿಡಿದುಕೊಂಡು ಹೋಗುತ್ತದೆ.

“ಇಷ್ಟು ವರ್ಷ ಇಲ್ಲದ ನಿಯಮ ಈಗೆಲ್ಲಿಂದ ಬಂತು?”

“ನಿಯಮ ಯಾವಾಗಲೂ ಇತ್ತು. ದೂರು ಈಗ ಬಂದಿದೆ.”

“ಯಾರು ಕೊಟ್ಟಿದ್ದು?”

“ಅದನ್ನ ಹೇಳೋ ಹಾಗಿಲ್ಲ.” ನೋಟಿಸನ್ನು ಮಗನ ಕೈಗಿತ್ತು, ಟೇಪು ಸುತ್ತಿಕೊಂಡು ಅವರು ಹೊರಟುಹೋದರು.

ಒಳಗೆ ಸೊಸೆ ಮಗಳ ಜಡೆ ಹೆಣೆಯುತ್ತಿದ್ದಳು. ಏಳು ವರ್ಷದ ಪುಟ್ಟಿ ಎರಡನೇ ತರಗತಿ. ಸೊಸೆ ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ವಿಭಾಗದಲ್ಲಿದ್ದಳು, ಎಂಟೂವರೆಗೆ ಅಲ್ಲಿರಬೇಕು. ಆಡಿನಮ್ಮನ ಮಗಳು, ಇನ್ನೂ ಮದುವೆಯಾಗದವಳು, ವಾರ್ಡಿನ ಆರೋಗ್ಯ ಕಚೇರಿಯಲ್ಲಿ ಟೈಪಿಸ್ಟು. ಅವಳು ತಟ್ಟೆ ಹಿಡಿದು ನಿಂತೇ ತಿನ್ನುತ್ತಿದ್ದಳು.

ಆಡಿನಮ್ಮ ಹಾಲಿನ ಪಾತ್ರೆಯನ್ನು ಕುಕ್ಕಿದಳು. “ಏನೇ, ನಿಮ್ಮ ಆಫೀಸಿಂದಲೇ ಬಂದಿದೆಯಲ್ಲ ಈ ಪ್ರೇಮಪತ್ರ. ನಿನ್ನ ಕೈಯಲ್ಲೇ ಟೈಪ್ ಮಾಡಿಸಿದ್ರಾ?”

“ಅಮ್ಮ, ನಾನು ಜನನ ಮರಣ ವಿಭಾಗ. ಇದು ನೈರ್ಮಲ್ಯದವರದ್ದು. ನನಗೆ ಗೊತ್ತೇ ಇಲ್ಲ.”

“ಯಾರು ಕೊಟ್ಟಿದ್ದು ಅಂತ ನನಗೆ ಗೊತ್ತು ಬಿಡು. ಆ ಹಿಂದಿನ ಓಣಿಯ ಗಡಿಯಾರದವನೇ.”

“ಅವರು ಯಾಕೆ ಕೊಡ್ತಾರೆ?” ಎಂದ ಮಗ. “ದಿನಾ ಹಾಲು ನಮ್ಮಲ್ಲೇ ತಗೊಳ್ತಾರೆ.”

“ಹೋದ ತಿಂಗಳು ಏನಂದ? ‘ಆಡಿನಮ್ಮ, ನಿಮ್ಮ ಹೋತದ ವಾಸನೆಗೆ ನನ್ನ ಗಡಿಯಾರಗಳೇ ನಿಂತುಹೋಗ್ತಿವೆ’ ಅಂದ. ನಕ್ಕೊಂಡೇ ಅಂದ. ನಗ್ತಾ ನಗ್ತಾ ಅರ್ಜಿ ಬರೆಯೋ ಜಾತಿ ಅದು.”

ಸೊಸೆ ಜಡೆಯ ತುದಿಗೆ ರಿಬ್ಬನ್ ಬಿಗಿದಳು. “ಅಮ್ಮ, ನೋಯ್ತದೆ,” ಎಂದಳು ಪುಟ್ಟಿ.

ಹಿತ್ತಲ ಗೋಡೆಯಾಚೆ ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಸಣ್ಣ ಓಣಿ. ಅದರಾಚೆ ಗಡಿಯಾರ ರಿಪೇರಿಯವರ ಮನೆ. ಮುಂದಿನ ಕೋಣೆಯೇ ಅವರ ಅಂಗಡಿ. ಕಿಟಕಿಯ ಬಳಿ ಕೂತು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದಿನವಿಡೀ ಕೆಲಸ ಮಾಡುತ್ತಿದ್ದರು. ಮಕ್ಕಳಿರಲಿಲ್ಲ. ಹೆಂಡತಿಗೆ ಹೊಟ್ಟೆಹುಣ್ಣು, ಬೇರೆ ಹಾಲು ದಕ್ಕದೆ ಎರಡು ವರ್ಷದಿಂದ ಆಡಿನ ಹಾಲಿನಲ್ಲೇ ಚೇತರಿಸಿಕೊಂಡಿದ್ದರು.

ಆಡಿನಮ್ಮ ಕಲ್ಲಿನ ಮೇಲೆ ಹತ್ತಿ ಗೋಡೆಯಿಂದಾಚೆ ತಲೆ ಹಾಕಿದಳು.

“ಏನು ಸ್ವಾಮಿ, ಹಾಲು ಕುಡಿದ ಬಾಯಲ್ಲೇ ಚಾಡಿ ಹೇಳಿದ್ರಾ?”

ಅವರು ಭೂತಗನ್ನಡಿ ತೆಗೆದು ನೋಡಿದರು. “ಏನಾಯ್ತು ಆಡಿನಮ್ಮ?”

“ಏನೂ ಗೊತ್ತಿಲ್ಲದ ಹಾಗೆ ಕೇಳ್ಬೇಡಿ. ಅರ್ಜಿ ಹಾಕೋ ಬದಲು ನನ್ನ ಮುಖಕ್ಕೆ ಹೇಳಿದ್ರೆ ನಾಲಿಗೆ ಸವೆದುಹೋಗ್ತಿತ್ತಾ?”

“ನಾನು ಯಾವ ಅರ್ಜಿಯೂ ಹಾಕಿಲ್ಲ. ಬೇಕಾದ್ರೆ ಪ್ರಮಾಣ ಮಾಡ್ತೀನಿ.”

“ನಿಮ್ಮ ಪ್ರಮಾಣ ನೀವೇ ಕುಡೀರಿ. ನಾಳೆಯಿಂದ ನಿಮಗೆ ನನ್ನ ಹಾಲಿಲ್ಲ.”

ಅವರ ಹೆಂಡತಿ ಒಳಗಿನಿಂದ ಬಂದು ಗಂಡನ ಹೆಗಲ ಮೇಲೆ ಕೈಯಿಟ್ಟು ನಿಂತರು. ಇತ್ತ ಅಡುಗೆಮನೆಯ ಕಿಟಕಿಯಿಂದ ಸೊಸೆಗೆ ಪ್ರತಿಯೊಂದು ಮಾತೂ ಕೇಳಿಸಿತ್ತು. ಅವಳು ಪುಟ್ಟಿಯ ಕೈ ಹಿಡಿದುಕೊಂಡು ಹೊರಟುಹೋದಳು.

ಆ ವಾರವೆಲ್ಲ ಊಟಕ್ಕೆ ಕೂತರೆ ಆಡಿನದೇ ಮಾತು.

“ಮೂರನ್ನ ಮಾರಿ ಎರಡು ಇಟ್ಕೋ,” ಎಂದ ಮಗ. “ತಲೆನೋವೇ ಇರಲ್ಲ.”

“ಯಾವ ಮೂರು? ನಿನ್ನ ಮಕ್ಕಳಲ್ಲಿ ಯಾವುದನ್ನ ಮಾರ್ತೀಯ ಅಂದ್ರೆ ಹೇಳ್ತೀಯಾ?”

“ನನಗಿರೋದೇ ಒಂದು.”

“ಅದಕ್ಕೇ ನಿನಗೆ ಗೊತ್ತಾಗಲ್ಲ.”

“ಅತ್ತೆ, ಪುಟ್ಟಿಗೆ ಈ ವರ್ಷ ಮೂರು ಸಲ ವಾಂತಿ ಭೇದಿ ಆಯ್ತು,” ಎಂದಳು ಸೊಸೆ ತಟ್ಟೆಯಿಂದ ತಲೆ ಎತ್ತದೆ. “ಡ್ರಿಪ್ ಹಾಕಿಸಿಕೊಂಡು ಬಂದ್ವಿ. ಡಾಕ್ಟರು ನೊಣ ಅಂದ್ರು.”

“ಡಾಕ್ಟರು ನೊಣ ಅಂದ್ರು, ಆಡು ಅನ್ನಲಿಲ್ಲ. ಇದೇ ಹಿತ್ತಲಲ್ಲಿ ನಾನು ಎರಡು ಮಕ್ಕಳನ್ನ ಬೆಳೆಸಿಲ್ವಾ? ನಿನ್ನ ಗಂಡನನ್ನ ನೋಡು. ಎಮ್ಮೆ ಹಾಗಿದ್ದಾನೆ.”

ಮಗಳು ನಕ್ಕಳು. ಸೊಸೆ ನಗಲಿಲ್ಲ. ಸಾರಿನ ಪಾತ್ರೆಯ ಮೇಲೆ ಮುಚ್ಚಿದ್ದ ಬಟ್ಟೆಯನ್ನು ಸರಿಪಡಿಸಿದಳು. ಬಟ್ಟೆಯ ಮೇಲೆ ನೊಣಗಳು ಕೂತಿದ್ದವು.

ಕೊನೆಗೆ, ಆಡುಗಳ ಲೆಕ್ಕ ಆಮೇಲೆ ನೋಡೋಣವೆಂದು, ಮೊದಲು ಕೊಟ್ಟಿಗೆಯನ್ನೇ ಸರಿಸುವುದೆಂದಾಯಿತು. ಆ ಶನಿವಾರ ಭಾನುವಾರ ಮಗ ತಗಡು ಬಿಚ್ಚಿ, ಗೂಟ ಕಿತ್ತು, ಹಿತ್ತಲಿನ ಹಿಂದಿನ ಗೋಡೆಗೆ ಒತ್ತಿ ಹೊಸ ಕೊಟ್ಟಿಗೆ ನಿಲ್ಲಿಸಿದ. ನೆಲಕ್ಕೆ ಕಲ್ಲು ಹಾಸಿದ. ಅಡುಗೆಮನೆಯಿಂದ ಅಳೆದರೆ ಇಪ್ಪತ್ತೊಂದು ಅಡಿ ಬಂತು.

“ಸರಿಹೋಯ್ತಲ್ಲ!” ಎಂದಳು ಆಡಿನಮ್ಮ.

“ಗಡಿಯಾರದವರ ಕಿಟಕಿಗೆ ಐದಡಿಯೂ ಇಲ್ಲಮ್ಮ. ಯಾವ ಮನೆ ಕಿಟಕಿಗೂ ಅಂತ ನೋಟಿಸಲ್ಲಿದೆ.”

“ಮಾಡಿದ್ದು ಅವನೇ ತಾನೆ? ಅವನೇ ಮೂಸಲಿ.”

ಮಗ ಬೆವರು ಒರೆಸಿಕೊಂಡ. ಮತ್ತೆ ಬಿಚ್ಚುವ ಶಕ್ತಿ ಅವನಿಗಿರಲಿಲ್ಲ. ಹಳೆಯ ಕೊಟ್ಟಿಗೆಯ ನೀರು ಮನೆಯ ಪಕ್ಕದ ಮೋರಿಗೆ ಹೋಗುತ್ತಿತ್ತು. ಹೊಸದಕ್ಕೆ ಮೋರಿ ಇರಲಿಲ್ಲ. ಆಡಿನಮ್ಮ ಒಂದು ಹಾರೆ ತಂದು ಗೋಡೆಯ ಬುಡದ ಇಟ್ಟಿಗೆಯೊಂದನ್ನು ತಾನೇ ಎಬ್ಬಿಸಿದಳು. ಮರುದಿನ ಬೆಳಿಗ್ಗೆ ಕೊಟ್ಟಿಗೆ ತೊಳೆದ ನೀರು ಆ ಕಂಡಿಯಿಂದ ಓಣಿಗೆ ಇಳಿದು, ಇಳಿಜಾರಿನಲ್ಲಿ ಹರಿದು, ಗಡಿಯಾರದವರ ಹೊಸ್ತಿಲ ಮುಂದೆ ನಿಂತಿತು.

ಅದೇ ಸೋಮವಾರ ಕಚೇರಿಯಲ್ಲಿ ಆ ದೂರಿನ ಕಡತ ಮಗಳ ಕಣ್ಣಿಗೆ ಬಿತ್ತು. ನೈರ್ಮಲ್ಯ ವಿಭಾಗದ ಗುಮಾಸ್ತೆ ಊಟಕ್ಕೆ ಹೋಗುವಾಗ, “ಯಾರಾದ್ರೂ ಬಂದ್ರೆ ಕೂರಿಸು,” ಎಂದು ಹೇಳಿ ಹೋಗಿದ್ದರು. ಮೇಜಿನ ಮೇಲೆ ಕಡತಗಳ ರಾಶಿ. ಮೇಲಿನಿಂದ ಮೂರನೆಯದರ ಮೇಲೆ ಅವರ ಮನೆ ನಂಬರು. ಅವಳು ಬಾಗಿಲ ಕಡೆ ನೋಡಿ ತೆರೆದಳು.

ಗೆರೆ ಹಾಳೆಯ ಮೇಲೆ ಕೈಬರಹ. “ನನ್ನ ಮಗಳಿಗೆ ಏಳು ವರ್ಷ. ಮೂರು ಸಲ ಆಸ್ಪತ್ರೆಗೆ ಸೇರಿಸಿದ್ದೇವೆ. ಔಷಧಿ ಬಿಟ್ಟ ವಾರಕ್ಕೇ ಮತ್ತೆ ಬರುತ್ತದೆ. ಅಡುಗೆಮನೆ ಕಿಟಕಿ ತೆರೆಯಲು ಆಗುವುದಿಲ್ಲ. ಮನೆಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಸಾಹೇಬರು ಬಂದು ನೋಡಬೇಕು. ಬರೆದದ್ದು ಯಾರೆಂದು ಯಾರಿಗೂ ತಿಳಿಯಬಾರದು.” ಕೆಳಗೆ ಸಹಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಔಷಧಿಯ ‘ಷ’ ಅಕ್ಷರದ ಹೊಟ್ಟೆಯೊಳಗಿನ ಗೀಟನ್ನು ಹೊರಗೆ ಬಾಲದಂತೆ ಎಳೆಯುವವರು ಅವಳಿಗೆ ಗೊತ್ತಿದ್ದವರಲ್ಲಿ ಒಬ್ಬರೇ. ಪುಟ್ಟಿಯ ಸೀಸೆಗಳ ಮೇಲೆ ಅಂಟಿಸಿದ ಚೀಟಿಗಳಲ್ಲಿ ಅದನ್ನು ದಿನಾ ನೋಡುತ್ತಿದ್ದಳು.

ಸಂಜೆ ಅತ್ತಿಗೆ ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತಿದ್ದಾಗ ಅವಳೂ ಹತ್ತಿ ಹೋದಳು.

“ಅತ್ತಿಗೆ, ಅರ್ಜಿ ನೀವೇ ಬರೆದಿದ್ದಾ?”

ಸೊಸೆ ಕ್ಲಿಪ್ಪು ತೆಗೆದು ಬಾಯಲ್ಲಿ ಕಚ್ಚಿಕೊಂಡಳು. ಇನ್ನೂ ಎರಡು ಬಟ್ಟೆ ಮಡಚಿದ ಮೇಲೆ ಕ್ಲಿಪ್ಪು ಬಾಯಿಂದ ತೆಗೆದಳು.

“ಹೌದು.”

“ಅಮ್ಮ ಅಲ್ಲಿ ಗಡಿಯಾರದವರ ಮರ್ಯಾದೆ ತೆಗೀತಿದ್ದಾಳೆ.”

“ಗೊತ್ತು. ದಿನಾ ಕೇಳಿಸ್ತಾ ಇದೆ.”

“ಮನೇಲಿ ಜಗಳ ಆಡಬಹುದಿತ್ತು. ಸರ್ಕಾರಕ್ಕೆ ಯಾಕೆ ಹೋದ್ರಿ?”

“ಜಗಳ ಆಡಿದ್ದೀನಿ. ಮೂರು ವರ್ಷ ಆಡಿದ್ದೀನಿ. ನಿನ್ನ ಅಣ್ಣ ‘ಅಮ್ಮನ ಹತ್ರ ಮಾತಾಡ್ತೀನಿ’ ಅಂತಾರೆ. ನೀನು ‘ನಾಳೆ ನೋಡೋಣ ಅತ್ತಿಗೆ’ ಅಂತೀಯ. ನಿಮ್ಮಮ್ಮ ಎಮ್ಮೆ ಕಥೆ ಹೇಳ್ತಾರೆ. ಮಗುಗೆ ನೀರಿನಂತೆ ಹೋಗ್ತಾ ಇದ್ದಾಗ ಅದರ ತಲೆ ಹಿಡಿದು ಕೂತವಳು ನಾನು.” ಅವಳು ಬಟ್ಟೆಯ ಗಂಟನ್ನು ಸೊಂಟಕ್ಕೆ ಏರಿಸಿಕೊಂಡಳು. “ಈಗ ಹೋಗಿ ಹೇಳ್ತೀಯಾ?”

ಮಗಳು ಮಾಳಿಗೆಯ ಅಂಚಿನಿಂದ ಬಗ್ಗಿ ನೋಡಿದಳು. ಕೆಳಗೆ ಅಮ್ಮ ಆಡುಗಳಿಗೆ ಸೊಪ್ಪು ಹಾಕುತ್ತ ಯಾರನ್ನೋ ಬೈಯುತ್ತಿದ್ದಳು.

“ಇಲ್ಲ,” ಎಂದಳು.

“ನಾನೇ ಹೇಳ್ತೀನಿ. ಇಪ್ಪತ್ತೊಂದು ದಿನ ಮುಗೀಲಿ. ಆಡು ಹೋಗಲಿ. ಆಮೇಲೆ ಬೇಕಾದ್ರೆ ನನ್ನನ್ನೇ ಆ ಗೂಟಕ್ಕೆ ಕಟ್ಟಲಿ.”

ಎರಡು ದಿನ ಬಿಟ್ಟು ಆಡಿನಮ್ಮನೇ ಮಗಳನ್ನು ಕೇಳಿದಳು. “ನೀನು ಅಲ್ಲೇ ಕೂತಿರ್ತೀಯ. ಆ ಕಾಗದ ಒಂದು ಸಲ ನೋಡೋಕಾಗಲ್ವಾ?”

“ನೋಡಿದೆ ಅಮ್ಮ. ಹೆಸರಿಲ್ಲ.”

“ಬರವಣಿಗೆ?”

“ಟೈಪ್ ಮಾಡಿದ್ದು.”

“ನೋಡಿದ್ಯಾ! ಅವನ ಅಂಗಡೀಲಿ ಹಳೇ ಟೈಪ್ ಮಿಷನ್ನು ರಿಪೇರಿಗೆ ಬಂದಿತ್ತು.” ಆಡಿನಮ್ಮನ ಮುಖ ಅರಳಿತು. ಮಗಳು ತಟ್ಟೆ ತೊಳೆಯುವ ನೆಪದಲ್ಲಿ ಎದ್ದುಹೋದಳು.

ಅಂದಿನಿಂದ ಆಡಿನಮ್ಮ ಕೊಟ್ಟಿಗೆಗೆ ಒಂದು ಬಕೆಟ್ಟಿನ ಬದಲು ಮೂರು ಬಕೆಟ್ ನೀರು ಸುರಿಯತೊಡಗಿದಳು. ಓಣಿಯ ಹಾಸುಗಲ್ಲುಗಳ ಮೇಲೆ ಹಸಿರು ಲೋಳೆ ಕಟ್ಟಿತು. ಗಡಿಯಾರದವರು ದಿನಾ ಬೆಳಿಗ್ಗೆ ಮೋಟು ಪೊರಕೆಯಿಂದ ಅದನ್ನು ಕೆರೆದು, ಬೂದಿ ಎರಚಿ, ಒಳಗೆ ಹೋಗಿ ಕೂರುತ್ತಿದ್ದರು. ಒಂದು ಸಲವೂ ಗೋಡೆಯ ಕಡೆ ತಲೆ ಎತ್ತಲಿಲ್ಲ. ಅದೇ ಆಡಿನಮ್ಮನಿಗೆ ಹೆಚ್ಚು ಉರಿ.

ಮಗ ಓಣಿಯಲ್ಲೇ ಸೈಕಲ್ ತಳ್ಳಿಕೊಂಡು ಡಿಪೋಗೆ ಹೋಗುವವನು. “ಅಮ್ಮ, ನೀರು ಅವರ ಬಾಗಿಲಿಗೇ ಹೋಗ್ತಿದೆ,” ಎಂದ.

“ಹೋಗಲಿ.”

“ಯಾರಾದ್ರೂ ಬಿದ್ದಾರು.”

“ಬಿದ್ರೆ ಇನ್ನೊಂದು ಅರ್ಜಿ ಬರೀತಾನೆ ಬಿಡು.”

ಅವನು ಚಕ್ರಕ್ಕೆ ಅಂಟಿದ ಕೆಸರನ್ನು ಗೋಡೆಗೆ ಒರೆಸಿ ಹೊರಟುಹೋದ. ಸೊಸೆಯೂ ನೋಡಿದ್ದಳು, ಮಗಳೂ ನೋಡಿದ್ದಳು. ಇಬ್ಬರೂ ಕೆಲಸಕ್ಕೆ ಹೋಗುವಾಗ ಸೀರೆಯ ಅಂಚು ಎತ್ತಿ ಹಿಡಿದು ಆ ಜಾಗ ದಾಟುತ್ತಿದ್ದರು.

ಗಡುವಿಗೆ ನಾಲ್ಕು ದಿನ ಉಳಿದಿದ್ದಾಗ, ಗುರುವಾರ ಬೆಳಿಗ್ಗೆ, ಗಡಿಯಾರದವರು ಬೂದಿ ತರಲು ಒಳಗೆ ಹೋಗಿದ್ದರು. ಹೊಸ್ತಿಲು ದಾಟಿದ ಅವರ ಹೆಂಡತಿಯ ಕಾಲು ಜಾರಿತು. ಆಡಿನಮ್ಮನಿಗೆ ಕೇಳಿಸಿದ್ದು ಕೂಗಲ್ಲ, ಸೌದೆ ಮುರಿದಂಥ ಸದ್ದು. ಅವಳು ಕಲ್ಲಿನ ಮೇಲೆ ಹತ್ತಿ ನೋಡಿದಳು. ಆ ಹೆಂಗಸು ಓಣಿಯಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದರು. ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಕೆನ್ನೆ ಆ ನೀರಿನಲ್ಲಿತ್ತು.

“ಎತ್ಬೇಡಿ! ಎಳೀಬೇಡಿ!” ಎನ್ನುತ್ತ ಗಡಿಯಾರದವರು ಓಡಿಬಂದರು. ಎತ್ತಲು ಯಾರೂ ಇರಲಿಲ್ಲ. ಅವರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಆಂಬುಲೆನ್ಸು ಓಣಿಯೊಳಗೆ ಬರಲಾಗದೆ ಬೀದಿಯಲ್ಲೇ ನಿಂತಿತು. ಬಾಗಿಲ ಹಲಗೆಯ ಮೇಲೆ ಮಲಗಿಸಿ ಹೊತ್ತೊಯ್ದರು. ಒಂದು ತುದಿ ಹಿಡಿದವನು ಆಡಿನಮ್ಮನ ಮಗ. ಸೊಂಟದ ಮೂಳೆ ಮುರಿದಿದೆ, ಸರಳು ಹಾಕಬೇಕು, ಆಮೇಲೆ ನಡೆಯುತ್ತಾರೋ ಇಲ್ಲವೋ ಹೇಳಲಾಗದು ಎಂದು ಡಾಕ್ಟರು ಹೇಳಿದ್ದನ್ನು ಅವನೇ ಸಂಜೆ ಬಂದು ಹೇಳಿದ.

ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಆಡಿನಮ್ಮ ಗೋಡೆಗೊರಗಿ ಕೂತಿದ್ದಳು.

“ನಾನೇನು ಬೇಕೂಂತ ಮಾಡಿದ್ನಾ?” ಎಂದಳು. “ಅವನು ಅರ್ಜಿ ಹಾಕದಿದ್ರೆ ಕೊಟ್ಟಿಗೆ ಅಲ್ಲಿಗೆ ಹೋಗ್ತಾನೇ ಇರಲಿಲ್ಲ.”

ಸೊಸೆ ಉರಿ ಸಣ್ಣಗೆ ಮಾಡಿದಳು. “ಅತ್ತೆ, ಅರ್ಜಿ ಹಾಕಿದ್ದು ಅವರಲ್ಲ. ನಾನು.”

ಪುಟ್ಟಿ ಪುಸ್ತಕದಿಂದ ತಲೆ ಎತ್ತಿ ಒಬ್ಬೊಬ್ಬರನ್ನೇ ನೋಡಿದಳು. ಮಗಳು ಅವಳನ್ನು ಎಬ್ಬಿಸಿ ಹೊರಗೆ ಕಳಿಸಿದಳು.

“ನನಗೆ ಒಂದು ಮಾತು ಹೇಳ್ಬಾರದಿತ್ತಾ?” ಎಂದ ಮಗ.

“ಇನ್ನೆಷ್ಟು ಹೇಳ್ಲಿ? ನೀವು ಯಾವ ದಿನ ಕೇಳಿಸ್ಕೊಂಡ್ರಿ ಅಂತ ಹೇಳಿ, ಆ ದಿನ ಹೇಳಿಲ್ಲ ಅಂದ್ರೆ ತಪ್ಪು ನಂದು.”

ಆಡಿನಮ್ಮ ಕೂತಲ್ಲಿಂದ ಅಲ್ಲಾಡಿರಲಿಲ್ಲ. “ಹದಿನೇಳು ದಿನ,” ಎಂದಳು. “ಹದಿನೇಳು ದಿನ ನಾನು ಆ ಮನುಷ್ಯನ್ನ ಬಾಯಿಗೆ ಬಂದ ಹಾಗೆ ಬೈದೆ. ನೀನು ಅನ್ನ ಬಡಿಸ್ತಾ ಕೇಳಿಸ್ಕೊಂಡೆ.”

“ಹೌದು. ತಪ್ಪೇ. ಆದ್ರೆ ನೀರು ಬಿಟ್ಟಿದ್ದು ನಾನಲ್ಲ ಅತ್ತೆ.”

“ಅಲ್ಲ,” ಎಂದಳು ಆಡಿನಮ್ಮ. “ಅದು ನಾನೇ.” ಆಮೇಲೆ ನಿಧಾನವಾಗಿ ಮಗಳ ಕಡೆ ತಿರುಗಿದಳು. “ಟೈಪ್ ಮಾಡಿದ್ದು ಅಂದ್ಯಲ್ಲ.”

ಮಗಳ ಕಣ್ಣು ತುಂಬಿತು. “ಮನೆ ಮುರೀಬಾರದು ಅಂತ ಸುಮ್ಮನಿದ್ದೆ ಅಮ್ಮ.”

“ಮನೆ ಮುರೀಲಿಲ್ಲ ಬಿಡು. ಅವಳ ಸೊಂಟ ಮುರೀತು.”

ಅನ್ನ ತಳ ಹಿಡಿದ ವಾಸನೆ ಬಂತು. ಆ ದಿನ ಪುಟ್ಟಿಯೊಬ್ಬಳೇ ಉಂಡಳು.

ಮರುದಿನ ಆಡಿನಮ್ಮ ಗೋಡೆಯ ಕಂಡಿಗೆ ಇಟ್ಟಿಗೆ ತುರುಕಿ, ಓಣಿಯನ್ನು ಮಂಡಿಯೂರಿ ಕುಳಿತು ಉಜ್ಜಿದಳು. ಊರಾಚೆಯಿಂದ ವ್ಯಾಪಾರಿಯನ್ನು ಕರೆಸಿ ಐದನ್ನೂ ಕೊಟ್ಟುಬಿಟ್ಟಳು. ಕರಿಮೂತಿ ಗಾಡಿ ಹತ್ತಲು ಒಪ್ಪದೆ ಕಾಲೂರಿ ನಿಂತಿತು. ಆಡಿನಮ್ಮನೇ ಹಿಂದಿನಿಂದ ದೂಡಿದಳು. ಇಪ್ಪತ್ತೊಂದನೆಯ ದಿನ ನಿರೀಕ್ಷಕರು ಬಂದು ಬರಿದಾದ ಹಿತ್ತಲು ನೋಡಿದರು.

“ಎರಡು ಇಟ್ಕೋಬಹುದಿತ್ತಲ್ಲ ಅಮ್ಮ. ಅದಕ್ಕೆ ಅಡ್ಡಿ ಇರಲಿಲ್ಲ.”

“ಬೇಡ.”

ಅವರು ಕಾಗದದಲ್ಲಿ ತೊಂದರೆ ನಿವಾರಣೆಯಾಗಿದೆ ಎಂದು ಬರೆದುಕೊಂಡು ಹೋದರು.

ಅಡುಗೆಮನೆಯ ಕಿಟಕಿ ಈಗ ದಿನವಿಡೀ ತೆರೆದಿರುತ್ತಿತ್ತು. ಪುಟ್ಟಿಗೆ ಮತ್ತೆ ಹೊಟ್ಟೆ ಕೆಡಲಿಲ್ಲ. ಕೆನ್ನೆ ತುಂಬಿಕೊಂಡಿತು, ಎರಡನೇ ಸಲ ಹಾಕಿಸಿಕೊಂಡು ಉಣ್ಣತೊಡಗಿದಳು. ಮನೆಯ ನಾಲ್ವರೂ ಅದನ್ನು ನೋಡುತ್ತಿದ್ದರು. ಬಾಯಿ ಬಿಟ್ಟು ಹೇಳಿದವರು ಒಬ್ಬರೂ ಇಲ್ಲ. ಆಡಿನಮ್ಮ ತನ್ನ ತಟ್ಟೆಗೆ ತಾನೇ ಬಡಿಸಿಕೊಂಡು ಹಿತ್ತಲ ಮೆಟ್ಟಿಲಲ್ಲಿ ಕೂತು ಉಣ್ಣುತ್ತಿದ್ದಳು. ಸೊಸೆ “ಉಪ್ಪು ಬೇಕಾ ಅತ್ತೆ?” ಎಂದರೆ “ಬೇಡ,” ಮಗಳು “ಮಾತ್ರೆ ತಗೊಂಡ್ಯಾ ಅಮ್ಮ?” ಎಂದರೆ “ಹೂಂ.” ಅಷ್ಟೇ.

ಮೂರು ವಾರದ ಮೇಲೆ ಗಡಿಯಾರದವರ ಹೆಂಡತಿಯನ್ನು ಮನೆಗೆ ತಂದರು. ಆಡಿನಮ್ಮ ಅಂದೇ ಹೋಗಿ ಬಾಗಿಲಲ್ಲಿ ನಿಂತಳು.

“ನಾನು ತಪ್ಪು ತಿಳ್ಕೊಂಡಿದ್ದೆ,” ಎಂದಳು. “ಅರ್ಜಿ ಹಾಕಿದ್ದು ನೀವಲ್ಲ.”

“ಅದು ನನಗೆ ಮೊದಲನೇ ದಿನವೇ ಗೊತ್ತಿತ್ತು,” ಎಂದರು ಗಡಿಯಾರದವರು. “ಈಗ ನಿಮಗೂ ಗೊತ್ತಾಯ್ತು. ಅದರಿಂದ ಇವಳ ಮೂಳೆ ಕೂಡುತ್ತಾ?”

ಆದರೂ ಅವರು ಬಾಗಿಲು ಹಾಕಲಿಲ್ಲ. ಹಾಸಿಗೆ ಹಿಡಿದ ಹೆಂಗಸಿಗೆ ಮೈ ಒರೆಸಲು, ಬಟ್ಟೆ ಬದಲಿಸಲು ಇನ್ನೊಂದು ಹೆಣ್ಣಿನ ಕೈ ಬೇಕೇ ಬೇಕಿತ್ತು. ಆಡಿನಮ್ಮ ದಿನಾ ಬೆಳಿಗ್ಗೆ ಹೋಗತೊಡಗಿದಳು. ಬಿಸಿನೀರು ಕಾಯಿಸುವಳು, ಬೆನ್ನಿಗೆ ಪೌಡರು ಹಾಕುವಳು, ಮಲದ ಪಾತ್ರೆ ತೊಳೆಯುವಳು, ಬಟ್ಟೆ ಹಿಂಡಿ ಹರವುವಳು. ಗಡಿಯಾರದವರು ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿರುತ್ತಿದ್ದರು. ಅವಳು ಬಂದದ್ದಕ್ಕೂ ಹೋದದ್ದಕ್ಕೂ ಮಾತಿಲ್ಲ. ಹೀಗೆ ಹನ್ನೆರಡು ದಿನ ನಡೆಯಿತು.

ಹದಿಮೂರನೆಯ ದಿನ ಮೈ ಒರೆಸಿ ಮುಗಿಸಿದ ಮೇಲೆ ಆ ಹೆಂಗಸು ಆಡಿನಮ್ಮನ ಮಣಿಕಟ್ಟು ಹಿಡಿದರು.

“ನಾಳೆಯಿಂದ ಬರಬೇಡಿ.”

“ಯಾಕೆ? ನೀರು ಬಿಸಿ ಹೆಚ್ಚಾಯ್ತಾ?”

“ನೀರು ಸರಿಯಾಗಿತ್ತು. ನೀವು ಬರ್ತೀರಿ, ಒಗೀತೀರಿ, ಒರೆಸ್ತೀರಿ. ಹೋಗುವಾಗ ನಿಮ್ಮ ಮುಖ ಬಂದಾಗಿದ್ದಕ್ಕಿಂತ ಹಗುರಾಗಿರುತ್ತೆ. ದಿನಾ ನೋಡ್ತಿದ್ದೀನಿ. ನಾನು ಇಲ್ಲೇ ಮಲಗಿರ್ತೀನಿ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ನಮ್ಮ ತಂಗಿಗೆ ಕಾಗದ ಬರೆದಿದ್ದೇವೆ. ಅವಳು ಬರೋವರೆಗೆ ಇವರೇ ನೋಡ್ಕೊಳ್ತಾರೆ.”

ಆಡಿನಮ್ಮ ಬಕೆಟ್ಟು ಮಗುಚಿಟ್ಟು ಮನೆಗೆ ಬಂದಳು. ಭಾನುವಾರವಾದ್ದರಿಂದ ಎಲ್ಲರೂ ಮನೆಯಲ್ಲಿದ್ದರು. ಸೊಸೆ ಊಟಕ್ಕೆ ತಟ್ಟೆ ಹಾಕುತ್ತಿದ್ದಳು. ಆಡಿನಮ್ಮ ಮೆಟ್ಟಿಲಿಗೆ ಹೋಗದೆ ಅಲ್ಲೇ ಅವರ ನಡುವೆ ಕೂತಳು.

“ಬೇಗ ಬಂದ್ರಿ,” ಎಂದಳು ಸೊಸೆ ಮೆಲ್ಲಗೆ. “ಏನಂದ್ರು?”

“ಬರಬೇಡ ಅಂದ್ಲು.”

ಸೊಸೆ ಸೌಟು ಹಿಡಿದು ನಿಂತಳು. ಆಡಿನಮ್ಮ ತನ್ನ ತಟ್ಟೆಯನ್ನು ಅವಳ ಕಡೆ ಸರಿಸಿದಳು. ಸೊಸೆ ಬಡಿಸಿದಳು.

“ನಾಳೆ ನೀನು ಹೋಗು,” ಎಂದಳು ಆಡಿನಮ್ಮ.

“ನಾನಾ? ನನ್ನ ಒಳಗೆ ಬಿಡ್ತಾರಾ ಅತ್ತೆ?”

“ಬಿಡ್ಲಿ, ಬಿಡದೇ ಇರ್ಲಿ. ಅರ್ಜಿ ನಂದು ಅಂತ ಹೇಳು. ನನಗೆ ಅಂದಿದ್ದನ್ನ ನಿನಗೂ ಅನ್ನಲಿ. ನಾಡಿದ್ದು ಇವಳು ಹೋಗ್ತಾಳೆ.” ಮಗಳು ತಲೆ ತಗ್ಗಿಸಿದಳು.

“ನಾನೂ ಬರ್ತೀನಿ,” ಎಂದ ಮಗ.

“ನೀನು ಉಣ್ಣು,” ಎಂದಳು ಆಡಿನಮ್ಮ.

ಸೋಮವಾರ ಸೊಸೆ ಕಾರ್ಖಾನೆಗೆ ಅರ್ಧ ದಿನ ರಜೆ ಹೇಳಿ, ಏಳು ಗಂಟೆಗೇ ಓಣಿಗೆ ಹೋದಳು. ಕಿಟಕಿ ಮುಚ್ಚಿತ್ತು. ಬಾಗಿಲು ಬಡಿದು, ತಾನು ಯಾರೆಂದೂ ಅರ್ಜಿ ತನ್ನದೆಂದೂ ಹೇಳಿದಳು. ಒಳಗೆ ಯಾರೋ ಕುರ್ಚಿ ಸರಿಸಿದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಅವಳು ಇನ್ನೊಮ್ಮೆ ಬಡಿಯಲಿಲ್ಲ. ಕೈ ಕಟ್ಟಿಕೊಂಡು, ಓಣಿಯಲ್ಲಿ ಹೋಗಿಬರುವವರಿಗೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತ, ಕಾರ್ಖಾನೆಯ ಮಧ್ಯಾಹ್ನದ ಸೈರನ್ ಆಗುವವರೆಗೆ ಆ ಹೊಸ್ತಿಲ ಮುಂದೆ ನಿಂತಿದ್ದಳು.